ಕೈ ತಡೆದವರು, ಬಾಯಿ ತಡೆದವರು

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕಚೇರಿಗಳಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತೊಂದಿದೆ: ‘ಡೋಂಟ್ ಹೋಲ್ಡ್ ಬ್ಯಾಕ್’. ಮೀಟಿಂಗಿನಲ್ಲಿ ಹೊಸಬರು ಬಾಯಿಬಿಡಲು ಅಳುಕಿದರೆ ಮ್ಯಾನೇಜರ್ ಹೀಗೆನ್ನುತ್ತಾರೆ. ಭಾನುವಾರದ ಸಾಕರ್ ಮೈದಾನದಲ್ಲಿ ಮಕ್ಕಳಿಗೆ ಕೋಚ್ ಇದನ್ನೇ ಕೂಗುತ್ತಾರೆ. ಸ್ಟಾರ್ಟಪ್ ಕಟ್ಟಲು ಹೊರಟವರಿಗೆ ಬಂಡವಾಳ ಹಾಕುವವರು ಕೊಡುವ ಮೊದಲ ಉಪದೇಶವೂ ಇದೇ. ಮಾಡಬಲ್ಲೆಯಾದರೆ ಮಾಡಿಬಿಡು, ಬೇರೆಯವರು ಮಾಡುವ ಮುಂಚೆ ಮಾಡಿಬಿಡು. ಹೀಗಾಗಿ ‘ಹೋಲ್ಡ್ ಬ್ಯಾಕ್’ ಎಂಬುದು ಇಲ್ಲಿ ಬಹುಮಟ್ಟಿಗೆ ಒಂದು ದೌರ್ಬಲ್ಯದ ಹೆಸರಾಗಿಬಿಟ್ಟಿದೆ.

ಆದರೆ ಈ ಒಂದು ಕ್ರಿಯಾಪದದೊಳಗೆ ಎರಡು ಬೇರೆ ಬೇರೆ ನಡತೆಗಳಿವೆ. ಮಾಡಬಲ್ಲ ಕೆಲಸವನ್ನು ಮಾಡದೆ ಕೈ ತಡೆಯುವುದು ಒಂದು. ಗೊತ್ತಿರುವುದನ್ನು ಹೇಳದೆ ಬಾಯಿ ತಡೆಯುವುದು ಇನ್ನೊಂದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು. ಬದುಕಿನಲ್ಲಿ ಇವೆರಡರ ನಡುವೆ ಎಷ್ಟು ದೂರವಿದೆ ಎಂಬುದನ್ನು ತೋರಿಸುವ ಎರಡು ಘಟನೆಗಳು ಈ ಪ್ರದೇಶದ ವಿಜ್ಞಾನದ ಚರಿತ್ರೆಯಲ್ಲೇ ಇವೆ. ಎರಡರಲ್ಲೂ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆಸರು ಬರುತ್ತದೆ. ನಮ್ಮ ಮಕ್ಕಳು ಅಂಥ ಕಡೆ ಓದಲಿ ಎಂದು ಹಂಬಲಿಸುವ ಕನ್ನಡ ಕುಟುಂಬಗಳಿಗೆ ಈ ಕಥೆ ಗೊತ್ತಿರಬೇಕು ಎಂದು ನನಗನ್ನಿಸುತ್ತದೆ.

1971ರಲ್ಲಿ ಪಾಲ್ ಬರ್ಗ್ ಸ್ಟ್ಯಾನ್‌ಫರ್ಡಿನ ಜೀವರಸಾಯನ ವಿಭಾಗದಲ್ಲಿ ಪ್ರಾಧ್ಯಾಪಕರು. ಬ್ರೂಕ್ಲಿನ್‌ನಲ್ಲಿ 1926ರಲ್ಲಿ ಹುಟ್ಟಿದವರು, ಆಗಲೇ ಹೆಸರು ಮಾಡಿದವರು. ಎರಡು ಬೇರೆ ಬೇರೆ ಜೀವಿಗಳ ಡಿಎನ್‌ಎಯನ್ನು ಕತ್ತರಿಸಿ ಒಂದಕ್ಕೊಂದು ಜೋಡಿಸುವ ಕೆಲಸವನ್ನು ಅವರ ಪ್ರಯೋಗಾಲಯ ಕೈಗೆತ್ತಿಕೊಂಡಿತ್ತು. ಜೋಡಿಸಬೇಕಾಗಿದ್ದ ತುಣುಕುಗಳಲ್ಲಿ ಒಂದು ಎಸ್‌ವಿ40 ಎಂಬ ವೈರಸ್ಸಿನದು. 1960ರಲ್ಲಿ ಪತ್ತೆಯಾದ ಈ ವೈರಸ್ ಕೋತಿಗಳದ್ದು. ಪೋಲಿಯೋ ಲಸಿಕೆ ತಯಾರಿಸಲು ಬಳಸುತ್ತಿದ್ದ ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ಅದು ಅಡಗಿತ್ತು. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗೆ ಚುಚ್ಚಿದರೆ ಗಡ್ಡೆ ಬರಿಸುತ್ತಿತ್ತು. ಬರ್ಗ್ ಅವರ ಯೋಜನೆಯ ಮುಂದಿನ ಹೆಜ್ಜೆ, ಈ ವೈರಸ್ಸಿನ ಡಿಎನ್‌ಎಯನ್ನು ಇ. ಕೋಲೈ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸುವುದು. ಇ. ಕೋಲೈ ಇರುವುದು ನಮ್ಮೆಲ್ಲರ ಕರುಳಿನಲ್ಲಿ.

ಆ ವರ್ಷದ ಬೇಸಿಗೆಯಲ್ಲಿ ಬರ್ಗ್ ಅವರ ವಿದ್ಯಾರ್ಥಿನಿ ಜಾನೆಟ್ ಮರ್ಟ್ಜ್ ನ್ಯೂಯಾರ್ಕ್ ಬಳಿಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯಕ್ಕೆ ಒಂದು ತರಬೇತಿಗೆಂದು ಹೋದರು. ಅಲ್ಲಿ ತಮ್ಮ ಕೆಲಸದ ಯೋಜನೆಯನ್ನು ವಿವರಿಸಿದರು. ತರಬೇತಿ ಕೊಡುತ್ತಿದ್ದ ರಾಬರ್ಟ್ ಪೊಲ್ಲಾಕ್ ಅವರಿಗೆ ಕೇಳಿ ಗಾಬರಿಯಾಯಿತು. ಪ್ರಾಣಿಗಳಲ್ಲಿ ಗಡ್ಡೆ ಬರಿಸುವ ವೈರಸ್ಸಿನ ತುಣುಕನ್ನು, ಮನುಷ್ಯನ ಹೊಟ್ಟೆಯಲ್ಲಿ ಬದುಕುವ ಬ್ಯಾಕ್ಟೀರಿಯಾಕ್ಕೆ ಹಾಕುವುದೇ? ಅದು ಪ್ರಯೋಗಾಲಯದಿಂದ ತಪ್ಪಿಸಿಕೊಂಡರೆ? ಅವರು ಸುಮ್ಮನೆ ತಲೆಯಾಡಿಸಿ ಕೂರಲಿಲ್ಲ. ಫೋನ್ ಎತ್ತಿಕೊಂಡು ನೇರ ಬರ್ಗ್ ಅವರನ್ನೇ ಕೇಳಿದರು.

ಬರ್ಗ್ ಅವರಿಗೆ ಮೊದಲು ಅದು ಹಿಡಿಸಲಿಲ್ಲ. ದೊಡ್ಡ ವಿಜ್ಞಾನಿಗೆ ದೂರದಿಂದ ಒಬ್ಬ ಕಿರಿಯ ಸಹೋದ್ಯೋಗಿ ಫೋನ್ ಮಾಡಿ ನಿಮ್ಮ ಪ್ರಯೋಗ ಸರಿಯಿಲ್ಲ ಅಂದರೆ ಯಾರಿಗೆ ತಾನೇ ಹಿಡಿಸೀತು! ಆದರೆ ಆ ಪ್ರಶ್ನೆಯನ್ನು ಅವರು ತಳ್ಳಿಹಾಕಲಿಲ್ಲ. ತಮಗೆ ಗೊತ್ತಿದ್ದ ಒಬ್ಬೊಬ್ಬ ತಜ್ಞರನ್ನೂ ಕೇಳುತ್ತ ಹೋದರು. ಅಪಾಯ ತೀರ ಕಡಿಮೆ ಎಂದೇ ಹೆಚ್ಚಿನವರು ಹೇಳಿದರು. ಆದರೆ ಅಪಾಯ ಸೊನ್ನೆ ಎನ್ನಲು ಯಾರಿಂದಲೂ ಆಗಲಿಲ್ಲ. ಬರ್ಗ್ ಅವರಿಂದಲೂ ಆಗಲಿಲ್ಲ. ಅವರು ಆ ಹೆಜ್ಜೆಯನ್ನು ಮುಂದೂಡಿದರು. ಬೇರೆ ಬೇರೆ ಮೂಲಗಳ ಡಿಎನ್‌ಎಯನ್ನು ಗಾಜಿನ ನಳಿಕೆಯಲ್ಲಿ ಜೋಡಿಸಿದ ಕೆಲಸವನ್ನು 1972ರಲ್ಲಿ ಪ್ರಕಟಿಸಿದರು. 1980ರಲ್ಲಿ ನೊಬೆಲ್ ಬಂದಾಗ ಈ ಕೆಲಸದ ಹೆಸರೂ ಬಂತು. ಜೋಡಿಸಿದ್ದನ್ನು ಬ್ಯಾಕ್ಟೀರಿಯಾದೊಳಕ್ಕೆ ಮಾತ್ರ ಅವರು ಸೇರಿಸಲಿಲ್ಲ.

ಬರ್ಗ್ ಅವರ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಹೀಗೆ ಮಾಡದೆ ಬಿಟ್ಟ ಪ್ರಯೋಗ. ಅವರಿಗೆ ಸಾಮರ್ಥ್ಯವಿತ್ತು, ಸಾಮಗ್ರಿಯಿತ್ತು, ಹಣವಿತ್ತು. ತಡೆಯುವ ಕಾನೂನು ಯಾವುದೂ ಇರಲಿಲ್ಲ. ಜಗತ್ತಿನಲ್ಲಿ ಮೊದಲಿಗರಾಗುವ ಅವಕಾಶ ಅಂಗೈಯಲ್ಲಿತ್ತು.

ಕನ್ನಡದವರಿಗೆ ಇಂಥ ತಡೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಪಂಪ ಆದಿಪುರಾಣದಲ್ಲಿ ಹೇಳಿದ ಭರತ-ಬಾಹುಬಲಿಯರ ಕಥೆಯ ತಿರುಳೇ ಇದು. ದೃಷ್ಟಿಯುದ್ಧ, ಜಲಯುದ್ಧ ಎರಡರಲ್ಲೂ ಬಾಹುಬಲಿ ಗೆದ್ದಿದ್ದಾನೆ. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿದ್ದಾನೆ. ನೆಲಕ್ಕೆ ಅಪ್ಪಳಿಸಿದರೆ ರಾಜ್ಯವೆಲ್ಲ ಅವನದು. ಅಲ್ಲಿ ಅವನ ಕೈ ನಿಲ್ಲುತ್ತದೆ. ಕನ್ನಡನಾಡು ಮತ್ತೆ ಮತ್ತೆ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದು ಹೀಗೆ ಕೈ ತಡೆದವನನ್ನು. ಹತ್ತನೆಯ ಶತಮಾನದ ಕೊನೆಗೆ ಶ್ರವಣಬೆಳಗೊಳದಲ್ಲಿ ಚಾವುಂಡರಾಯ ನಿಲ್ಲಿಸಿದ, 1432ರಲ್ಲಿ ಕಾರ್ಕಳದಲ್ಲಿ ನಿಂತಿತು, 1604ರಲ್ಲಿ ವೇಣೂರಿನಲ್ಲಿ ನಿಂತಿತು. ಸೋಲಲಿದ್ದವನು ಸುಮ್ಮನಾದರೆ ಅದನ್ನು ಯಾರೂ ಕಲ್ಲಿನಲ್ಲಿ ಕಡೆಯುವುದಿಲ್ಲ. ಕೈಯಲ್ಲಿ ಬಲವಿದ್ದವನು ತಡೆದದ್ದರಿಂದ ಅದಕ್ಕೆ ಬೆಲೆ ಬಂತು.

ಬರ್ಗ್ ಅಲ್ಲಿಗೇ ನಿಂತಿದ್ದರೆ ಅದು ಒಬ್ಬ ಒಳ್ಳೆಯ ಮನುಷ್ಯನ ಖಾಸಗಿ ನಿರ್ಧಾರವಾಗಿ ಮುಗಿದುಹೋಗುತ್ತಿತ್ತು. ವಿಜ್ಞಾನ ಅವರಿಗಾಗಿ ಕಾಯಲಿಲ್ಲ. 1972ರ ನವೆಂಬರಿನಲ್ಲಿ ಹೊನೊಲುಲುವಿನ ಒಂದು ವಿಜ್ಞಾನ ಸಭೆಯಲ್ಲಿ ಇಬ್ಬರು ಭೇಟಿಯಾದರು. ಸ್ಟ್ಯಾನ್‌ಫರ್ಡಿನ ಸ್ಟ್ಯಾನ್ಲಿ ಕೋಹೆನ್ ಮತ್ತು ಯುಸಿಎಸ್‌ಎಫ್ ಎಂದು ಎಲ್ಲರೂ ಕರೆಯುವ ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯಕೀಯ ವಿಶ್ವವಿದ್ಯಾಲಯದ ಹರ್ಬರ್ಟ್ ಬೋಯರ್. ಒಬ್ಬರಿಗೆ ಬ್ಯಾಕ್ಟೀರಿಯಾದೊಳಗಿನ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಗಳು ಗೊತ್ತು, ಇನ್ನೊಬ್ಬರಿಗೆ ಡಿಎನ್‌ಎಯನ್ನು ಬೇಕಾದಲ್ಲಿ ಕತ್ತರಿಸುವ ಕಿಣ್ವ ಗೊತ್ತು. ಇಬ್ಬರೂ ಸೇರಿ 1973ರಲ್ಲಿ ಕತ್ತರಿಸಿ, ಜೋಡಿಸಿ, ಬ್ಯಾಕ್ಟೀರಿಯಾದೊಳಗೆ ಬೆಳೆಸಿ ತೋರಿಸಿದರು. ಇಷ್ಟಾದ ಮೇಲೆ ಈ ಕೆಲಸ ಯಾವ ಒಳ್ಳೆಯ ಪ್ರಯೋಗಾಲಯಕ್ಕೂ ಎಟುಕುವಂತಾಯಿತು.

ಸುದ್ದಿ ಕೇಳಿದ ವಿಜ್ಞಾನಿಗಳು ಅದೇ ವರ್ಷದ ಬೇಸಿಗೆಯಲ್ಲಿ ನಡೆದ ಗಾರ್ಡನ್ ಸಮ್ಮೇಳನದಲ್ಲಿ ಕಳವಳಗೊಂಡರು. ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಮ್ಯಾಕ್ಸೀನ್ ಸಿಂಗರ್ ಮತ್ತು ಡೀಟರ್ ಝೋಲ್ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಪತ್ರ ಬರೆದರು. ಅದನ್ನು ಬಹಿರಂಗವಾಗಿ ಪ್ರಕಟಿಸಿದರು ಕೂಡ. ಅಕಾಡೆಮಿ ಬರ್ಗ್ ಅವರನ್ನೇ ಒಂದು ಸಮಿತಿ ಮಾಡುವಂತೆ ಕೇಳಿತು. 1974ರ ಜುಲೈ 26ರ ‘ಸೈನ್ಸ್’ ಪತ್ರಿಕೆಯಲ್ಲಿ ಹನ್ನೊಂದು ಜನ ಸಹಿ ಹಾಕಿದ ಪತ್ರ ಬಂತು. ಬರ್ಗ್, ಬೋಯರ್, ಕೋಹೆನ್, ಡೇವಿಡ್ ಬಾಲ್ಟಿಮೋರ್, ಜೇಮ್ಸ್ ವಾಟ್ಸನ್ ಎಲ್ಲರ ಹೆಸರೂ ಅದರಲ್ಲಿತ್ತು. ಎಂದರೆ, ಈ ಕೆಲಸವನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಬಲ್ಲವರೇ ಸಹಿ ಹಾಕಿದ್ದರು. ಪ್ರತಿಜೀವಕಕ್ಕೆ ಬಗ್ಗದ ಗುಣವನ್ನೋ ವಿಷ ತಯಾರಿಸುವ ಗುಣವನ್ನೋ ಹೊಸ ಬ್ಯಾಕ್ಟೀರಿಯಾಕ್ಕೆ ಕೊಡುವ ಪ್ರಯೋಗ, ಗಡ್ಡೆ ಬರಿಸುವ ಮತ್ತು ಇತರ ಪ್ರಾಣಿವೈರಸ್ಸುಗಳ ಡಿಎನ್‌ಎ ಸೇರಿಸುವ ಪ್ರಯೋಗ, ಈ ಎರಡು ಬಗೆಯನ್ನು ಸದ್ಯಕ್ಕೆ ಯಾರೂ ಮಾಡಬೇಡಿ ಎಂದು ಅವರು ಕೇಳಿಕೊಂಡರು. ಪ್ರಾಣಿಗಳ ಡಿಎನ್‌ಎ ಬಳಸುವ ಮಿಕ್ಕ ಕೆಲಸಗಳಲ್ಲಿ ಎಚ್ಚರವಿರಲಿ ಎಂದರು.

ಆ ಪತ್ರದ ಗುಣ ಗಮನಿಸಬೇಕು. ಎಲ್ಲವನ್ನೂ ನಿಲ್ಲಿಸಿ ಎಂದು ಅದು ಹೇಳಲಿಲ್ಲ. ಎಂದೆಂದಿಗೂ ಬೇಡ ಎಂದೂ ಹೇಳಲಿಲ್ಲ. ಯಾವುದನ್ನು, ಏಕೆ, ಎಲ್ಲಿಯವರೆಗೆ ಎಂಬುದನ್ನು ಬಿಡಿಸಿ ಹೇಳಿತು. ಮೊದಲು ತಮ್ಮ ಕೈ ಕಟ್ಟಿಕೊಂಡು, ಆಮೇಲೆ ಬೇರೆಯವರನ್ನು ಕೇಳಿತು. ಕೇಳಿದ್ದೂ ಪಿಸುಮಾತಿನಲ್ಲಿ ಅಲ್ಲ. ಪತ್ರಿಕೆಗಳು ಸುದ್ದಿ ಮಾಡುವಷ್ಟು ಗಟ್ಟಿಯಾಗಿ ಕೇಳಿತು. ಕೈ ತಡೆದವರು ಬಾಯಿ ತೆರೆದರು.

ಮುಂದಿನ ವರ್ಷ, 1975ರ ಫೆಬ್ರುವರಿ 24ರಿಂದ 27ರವರೆಗೆ, ಸ್ಯಾನ್ ಫ್ರಾನ್ಸಿಸ್ಕೋದಿಂದ ಕಾರಿನಲ್ಲಿ ದಕ್ಷಿಣಕ್ಕೆ ಸುಮಾರು ಎರಡು ಗಂಟೆಯ ದಾರಿಯಲ್ಲಿರುವ ಪೆಸಿಫಿಕ್ ಗ್ರೋವ್‌ನ ಆಸಿಲೊಮಾರ್ ಎಂಬಲ್ಲಿ ಸುಮಾರು 150 ಜನ ಸೇರಿದರು. ವಾಸ್ತುಶಿಲ್ಪಿ ಜೂಲಿಯಾ ಮಾರ್ಗನ್ ಕಟ್ಟಿದ ಮರದ ಕಟ್ಟಡಗಳು, ಪೈನ್ ಮರಗಳು, ಎದುರಿಗೇ ಸಾಗರ. ಮಾಂಟೆರೆ ನೋಡಲು ಹೋಗುವ ನಮ್ಮವರು ಈ ಜಾಗದ ಪಕ್ಕದಲ್ಲೇ ಹಾದುಹೋಗಿರುತ್ತಾರೆ. ಒಳಗೆ ನಡೆದದ್ದು ಜಗಳ. ವಾಟ್ಸನ್ ಆಗಲೇ ಮನಸ್ಸು ಬದಲಿಸಿದ್ದರು, ತಡೆ ತೆಗೆದುಬಿಡಿ ಎನ್ನುತ್ತಿದ್ದರು. ಸ್ಟ್ಯಾನ್‌ಫರ್ಡಿನವರೇ ಆದ ಜೋಶುವಾ ಲೆಡರ್‌ಬರ್ಗ್ ಅವರಿಗೂ ನಿಯಮಗಳು ಬೇಡವಾಗಿದ್ದವು. ನನ್ನ ಪ್ರಯೋಗಕ್ಕೆ ಅಪಾಯವಿಲ್ಲ, ನಿನ್ನದರಲ್ಲಿದೆ ಎಂಬ ವಾದ ಊಟದ ಮೇಜಿನ ತನಕ ನಡೆಯಿತು. ಮೂರನೆಯ ದಿನ ರಾತ್ರಿ ವಕೀಲರು ಎದ್ದು ನಿಂತು, ಅನಾಹುತವಾದರೆ ಹೊಣೆ ಯಾರ ತಲೆಗೆ ಬೀಳುತ್ತದೆ ಎಂಬುದನ್ನು ಬಿಡಿಸಿ ಹೇಳಿದರು. ಆ ರಾತ್ರಿಯೆಲ್ಲ ಎಚ್ಚರವಿದ್ದು ಸಂಘಟಕರು ನಿರ್ಣಯ ಬರೆದರು. ಬೆಳಿಗ್ಗೆ ಬೆರಳೆಣಿಕೆಯ ವಿರೋಧದ ನಡುವೆ ಅದು ಒಪ್ಪಿಗೆಯಾಯಿತು. ಕೆಲಸ ಮತ್ತೆ ಶುರುವಾಗಲಿ, ಅಪಾಯದ ಅಂದಾಜಿಗೆ ತಕ್ಕಷ್ಟು ಬಿಗಿಯಾದ ಕಾವಲಿರಲಿ, ಕೆಲವು ಪ್ರಯೋಗಗಳು ಇನ್ನೂ ಬೇಡ. ಅದನ್ನೇ ಆಧರಿಸಿ 1976ರ ಜೂನ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನಿಯಮಗಳು ಬಂದವು.

ಆಸಿಲೊಮಾರ್‌ನಲ್ಲಿ ಸಿಡ್ನಿ ಬ್ರೆನರ್ ಒತ್ತಿ ಹೇಳಿದ ಒಂದು ಉಪಾಯ ನನಗೆ ಬಹಳ ಇಷ್ಟ. ಗೋಡೆ, ಬಾಗಿಲು, ಕೈಗವಸುಗಳನ್ನಷ್ಟೇ ನೆಚ್ಚಬೇಡಿ, ಹೊರಗೆ ಹೋದರೆ ಬದುಕಲಾರದ ಬ್ಯಾಕ್ಟೀರಿಯಾವನ್ನೇ ತಯಾರಿಸಿ ಎಂದರು. ಅಲಬಾಮಾದ ರಾಯ್ ಕರ್ಟಿಸ್ ಒಂದು ವರ್ಷಕ್ಕೂ ಹೆಚ್ಚು ಕಾಲ ಅದಕ್ಕೆ ದುಡಿದರು. ಪ್ರಯೋಗಾಲಯದಲ್ಲಿ ಮಾತ್ರ ಸಿಗುವ ಆಹಾರವಿಲ್ಲದೆ ಸತ್ತೇಹೋಗುವ ಇ. ಕೋಲೈ ತಳಿಯೊಂದನ್ನು ಮಾಡಿ, ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ನೆನಪಿಗೆ ಅದರ ಹೆಸರಿನಲ್ಲಿ 1776 ಎಂದು ಸೇರಿಸಿದರು. ಕೈ ತಡೆದದ್ದರಿಂದ ಕೆಲಸ ನಿಂತುಹೋಯಿತು ಎನ್ನುವವರಿಗೆ ಇದನ್ನು ಹೇಳಬೇಕು. ತಡೆದ ಆ ಹೊತ್ತಿನಲ್ಲಿ, ಮುಂದಿನ ಕೆಲಸಕ್ಕೆ ಬೇಕಾದ ಕೆಲಸವೇ ನಡೆಯಿತು.

ಎಲ್ಲವೂ ಸರಿಯಾಗಿಯೇ ಇತ್ತು ಎನ್ನುತ್ತಿಲ್ಲ. ಸೇರಿದವರಲ್ಲಿ ಬಹುಪಾಲು ವಿಜ್ಞಾನಿಗಳು. ಅಪಾಯ ಯಾರ ಮೇಲೆ ಬೀಳಬಹುದೋ ಆ ಸಾಮಾನ್ಯ ಜನರ ದನಿ ಅಲ್ಲಿರಲಿಲ್ಲ. ಯುದ್ಧಕ್ಕೆ ಬಳಸಿದರೆ ಏನು, ಮನುಷ್ಯರ ಮೇಲೆಯೇ ಬಳಸಿದರೆ ಏನು ಎಂಬ ಪ್ರಶ್ನೆಗಳನ್ನು ಬದಿಗಿಟ್ಟರು. 1976ರಲ್ಲಿ ಹಾರ್ವರ್ಡ್ ಇರುವ ಕೇಂಬ್ರಿಜ್ ಪಟ್ಟಣದ ಕೌನ್ಸಿಲ್, ನಮ್ಮನ್ನು ಕೇಳದೆ ನಮ್ಮೂರಲ್ಲಿ ಈ ಪ್ರಯೋಗ ನಡೆಯಕೂಡದು ಎಂದು ಕೆಲವು ತಿಂಗಳು ತಡೆ ಹಾಕಿತು. ಸರಿಯಾಗಿಯೇ ಮಾಡಿತು ಎಂದು ನನ್ನ ಅಭಿಪ್ರಾಯ. ನಿಯಮ ಬಂದ ಮೇಲೂ ಕೈ ತಡೆಯುವುದು ಸುಲಭವಾಗಲಿಲ್ಲ. ಇನ್ಸುಲಿನ್ ಜೀನಿಗಾಗಿ ಪೈಪೋಟಿ ಬಿರುಸಾಗಿದ್ದ 1977ರಲ್ಲಿ ಯುಸಿಎಸ್‌ಎಫ್‌ನ ಪ್ರಯೋಗಾಲಯವೊಂದರಲ್ಲಿ ಇನ್ನೂ ಪ್ರಮಾಣೀಕರಿಸದ ಪ್ಲಾಸ್ಮಿಡ್ ಬಳಕೆಯಾಯಿತು. ಆಮೇಲೆ ಅದನ್ನು ನಾಶಮಾಡಿ, ಒಪ್ಪಿಗೆಯಿದ್ದ ಪ್ಲಾಸ್ಮಿಡ್‌ನಲ್ಲಿ ಕೆಲಸವನ್ನು ಮತ್ತೆ ಮಾಡಬೇಕಾಯಿತು. ವಿಷಯ ಅಮೆರಿಕದ ಸೆನೆಟ್ ವಿಚಾರಣೆಯವರೆಗೂ ಹೋಯಿತು.

ಅಂಜಿದ ಅನಾಹುತ ಬರಲಿಲ್ಲ. ವರ್ಷಗಳ ಅನುಭವ ಕೂಡಿದಂತೆ, ದಶಕದ ಕೊನೆಗೆ ನಿಯಮಗಳನ್ನು ಒಂದೊಂದಾಗಿ ಸಡಿಲಿಸಿದರು. ವಾಟ್ಸನ್ ಆಮೇಲೆ ಆ ಪತ್ರಕ್ಕೆ ಸಹಿ ಹಾಕಿದ್ದು ತಪ್ಪೆಂದೇ ಹೇಳುತ್ತಿದ್ದರು. ಆ ವಾದ ನನಗೆ ಒಪ್ಪಿಗೆಯಿಲ್ಲ. ಅಪಾಯ ಇರಲಿಲ್ಲ ಎಂಬುದು ಗೊತ್ತಾದದ್ದು ಆಮೇಲೆ. 1974ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ಅವರು ನಡೆದುಕೊಂಡ ರೀತಿಯನ್ನು, ಆ ಹೊತ್ತಿಗೆ ಅವರಿಗೆ ಎಷ್ಟು ತಿಳಿದಿತ್ತೋ ಅಷ್ಟನ್ನೇ ಇಟ್ಟುಕೊಂಡು ತೂಗಬೇಕು.

ತಡೆ ತೆಗೆದ ಮೇಲೆ ಆದದ್ದೇನು ಎಂಬುದು ನಮ್ಮ ಮನೆಗಳಲ್ಲೇ ಇದೆ. 1976ರಲ್ಲಿ ಬೋಯರ್ ಮತ್ತು ರಾಬರ್ಟ್ ಸ್ವಾನ್ಸನ್ ಸೇರಿ ಜೆನೆನ್‌ಟೆಕ್ ಕಂಪನಿ ಕಟ್ಟಿದರು. ವಿಮಾನ ನಿಲ್ದಾಣದಿಂದ ಉತ್ತರಕ್ಕೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇವತ್ತಿಗೂ ಅದರ ಕಟ್ಟಡಗಳ ಸಾಲು ಇದೆ. 1978ರಲ್ಲಿ ಅವರು ಬ್ಯಾಕ್ಟೀರಿಯಾದಿಂದ ಮಾನವ ಇನ್ಸುಲಿನ್ ತೆಗೆದು ತೋರಿಸಿದರು, 1982ರಲ್ಲಿ ಅದು ಔಷಧವಾಗಿ ಮಾರುಕಟ್ಟೆಗೆ ಬಂತು. ಅದಕ್ಕೂ ಮುಂಚೆ ಇನ್ಸುಲಿನ್ ಬರುತ್ತಿದ್ದದ್ದು ಕಸಾಯಿಖಾನೆಯ ಹಂದಿ-ದನಗಳ ಮೇದೋಜೀರಕ ಗ್ರಂಥಿಯಿಂದ. ಎಂಟು ಔನ್ಸ್, ಎಂದರೆ ಕಾಲು ಕಿಲೋಗೂ ಕಡಿಮೆ ಇನ್ಸುಲಿನ್ ತೆಗೆಯಲು ಹಂದಿಯ ಅಂಗಾಂಶ ಎರಡು ಟನ್‌ಗೂ ಮಿಗಿಲಾಗಿ ಬೇಕಾಗುತ್ತಿತ್ತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಇದೇ ವಿಜ್ಞಾನದ ಹಾದಿಯಲ್ಲಿ, ಬ್ಯಾಕ್ಟೀರಿಯಾದ ಬದಲು ಯೀಸ್ಟ್ ಬಳಸಿ, ಇನ್ಸುಜೆನ್ ಎಂಬ ಮಾನವ ಇನ್ಸುಲಿನ್ ತಂದಿತು. ಸಕ್ಕರೆ ಕಾಯಿಲೆ ಇರುವ ಅಜ್ಜಿ-ತಾತಂದಿರಿಲ್ಲದ ಕನ್ನಡ ಮನೆ ಈಗ ಅಪರೂಪ. ಅವರ ಫ್ರಿಜ್ಜಿನಲ್ಲಿರುವ ಸೀಸೆಗೂ ಬರ್ಗ್ ಅವರಿಗೆ ಬಂದ ಆ ಫೋನ್ ಕರೆಗೂ ನಂಟಿದೆ.

ಇನ್ನು ಎರಡನೆಯ ಘಟನೆ.

2015ರ ಜನವರಿಯಲ್ಲಿ ನಾಪಾ ಕಣಿವೆಯಲ್ಲಿ ಒಂದು ಸಣ್ಣ ಸಭೆ ಸೇರಿತು. ಕರೆದವರು ಬರ್ಕ್ಲಿಯ ಜೆನ್ನಿಫರ್ ಡೌಡ್ನಾ. ಡಿಎನ್‌ಎಯನ್ನು ಬೇಕಾದ ಅಕ್ಷರದಲ್ಲಿ ತಿದ್ದಬಲ್ಲ ಕ್ರಿಸ್ಪರ್ ತಂತ್ರವನ್ನು ಬೆಳಕಿಗೆ ತಂದವರಲ್ಲಿ ಒಬ್ಬರು, 2020ರಲ್ಲಿ ಅದಕ್ಕೇ ನೊಬೆಲ್ ಪಡೆದವರು. ಬರ್ಗ್ ಮತ್ತು ಬಾಲ್ಟಿಮೋರ್ ಇಬ್ಬರನ್ನೂ ಅವರು ಕರೆಸಿಕೊಂಡಿದ್ದರು. ನಲವತ್ತು ವರ್ಷದ ಕೆಳಗೆ ಕೈ ತಡೆದವರೇ ಬಂದು ಕೂತರು. ಈ ತಂತ್ರದಿಂದ ಮನುಷ್ಯ ಭ್ರೂಣವನ್ನು ತಿದ್ದಿ ಮಗು ಹುಟ್ಟಿಸುವ ಕೆಲಸ ಸದ್ಯಕ್ಕೆ ಯಾರೂ ಮಾಡಕೂಡದು ಎಂದು ಅದೇ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲೇ ಬರೆದರು. ತಿದ್ದಿದ್ದು ಆ ಒಂದು ಮಗುವಿಗೆ ಮುಗಿಯುವುದಿಲ್ಲ, ಅದರ ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತದೆ.

2018ರ ನವೆಂಬರಿನಲ್ಲಿ ಚೀನಾದ ಶೆನ್‌ಜೆನ್‌ನ ಹೆ ಜಿಯಾನ್‌ಕುಯಿ ಎಂಬ ಯುವ ವಿಜ್ಞಾನಿ, ತಾನು ಅದನ್ನು ಮಾಡಿದ್ದೇನೆ, ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು ಪ್ರಕಟಿಸಿದ. ಎಚ್‌ಐವಿ ತಗುಲದಂತೆ ಒಂದು ಜೀನನ್ನು ತಿದ್ದಿದ್ದೇನೆ ಎಂಬುದು ಅವನ ಮಾತು. ಜಗತ್ತು ಬೆಚ್ಚಿತು. 2019ರ ಡಿಸೆಂಬರ್ 30ರಂದು ಚೀನಾದ ನ್ಯಾಯಾಲಯ ಅವನಿಗೆ ಮೂರು ವರ್ಷ ಜೈಲು ವಿಧಿಸಿತು.

ಹೆ ಹಿಂದೆ ಸ್ಟ್ಯಾನ್‌ಫರ್ಡಿನಲ್ಲಿ ಪಿಎಚ್‌ಡಿ ನಂತರದ ಸಂಶೋಧನೆ ಮಾಡಿದ್ದವನು. ಅವನ ಉದ್ದೇಶದ ಬಗ್ಗೆ ಅಲ್ಲಿನ ಕೆಲವು ಪ್ರಾಧ್ಯಾಪಕರಿಗೆ ಮೊದಲೇ ಗೊತ್ತಿತ್ತು. 2019ರಲ್ಲಿ ವಿಶ್ವವಿದ್ಯಾಲಯ ಪರಿಶೀಲನೆ ನಡೆಸಿ, ಅವರು ಆ ಕೆಲಸದಲ್ಲಿ ಪಾಲ್ಗೊಂಡಿರಲಿಲ್ಲ, ತಮ್ಮ ಕಳವಳವನ್ನು ಅವನಿಗೆ ತಿಳಿಸಿದ್ದರು ಎಂದು ಹೇಳಿತು. ಅದನ್ನು ನಾನು ನಂಬುತ್ತೇನೆ. ಅವರು ಒಳ್ಳೆಯ ಜನರೇ. ಅವನ ಮುಖಕ್ಕೆ ಬೇಡ ಎಂದವರೇ. ಆದರೆ 1971ರಲ್ಲಿ ಪೊಲ್ಲಾಕ್ ಎತ್ತಿಕೊಂಡ ಫೋನು, 1973ರಲ್ಲಿ ಸಿಂಗರ್ ಮತ್ತು ಝೋಲ್ ಬಹಿರಂಗವಾಗಿ ಬರೆದ ಪತ್ರ, ಅಂಥದ್ದೊಂದು ಈ ಸಲ ಸಮಯಕ್ಕೆ ಬರಲಿಲ್ಲ. ಎಲ್ಲಿ ದೂರು ಕೊಡಬೇಕು, ಕೊಟ್ಟರೆ ಕೇಳುವವರು ಯಾರು ಎಂಬುದಕ್ಕೆ ದಾರಿಯೂ ಇರಲಿಲ್ಲ. ಅನ್ಯದೇಶದ ಸಹೋದ್ಯೋಗಿಯ ಗುಟ್ಟನ್ನು ಬಯಲಿಗೆಳೆಯಲು ಯಾರಿಗೂ ಮನಸ್ಸಾಗಲಿಲ್ಲ. ಎರಡು ಹೆಣ್ಣುಮಕ್ಕಳ ಮೈಯಲ್ಲಿ ಆ ಮೌನದ ಫಲ ಉಳಿದಿದೆ.

ಕೈ ತಡೆದ ಬಾಹುಬಲಿಯನ್ನು ಕಲ್ಲಿನಲ್ಲಿ ನಿಲ್ಲಿಸಿದ ಕನ್ನಡವೇ ಬಾಯಿ ತಡೆದವರನ್ನೂ ಮರೆತಿಲ್ಲ. ಕುಮಾರವ್ಯಾಸನ ಗದುಗಿನ ಭಾರತವನ್ನು ಗಮಕದಲ್ಲಿ ಕೇಳಿದವರಿಗೆ, ಯಕ್ಷಗಾನದಲ್ಲಿ ದ್ರೌಪದಿಯ ವಸ್ತ್ರಾಪಹರಣದ ಪ್ರಸಂಗ ನೋಡಿದವರಿಗೆ ಆ ಸಭೆ ಗೊತ್ತು. ಭೀಷ್ಮನಿಗೆ ಬಲವಿಲ್ಲವೇ, ದ್ರೋಣನಿಗೆ ಧರ್ಮ ಗೊತ್ತಿಲ್ಲವೇ? ಅಂಥ ಹಿರಿಯರು ತಲೆ ತಗ್ಗಿಸಿ ಕೂತಾಗ ಎದ್ದು ಮಾತಾಡಿದವನು ದುರ್ಯೋಧನನ ತಮ್ಮ ವಿಕರ್ಣ, ಸಭೆಯಲ್ಲಿ ಕಿರಿಯ. ಕಿರಿಯನೆಂದೇ ಕರ್ಣ ಅವನನ್ನು ಗದರಿ ಕೂರಿಸಿದ. ಸಭೆಯಲ್ಲಿ ಯಾರ ಕೈಯೂ ತಡೆಯದಿದ್ದ ಅನ್ಯಾಯಕ್ಕೆ ಆ ಒಂದು ದನಿಯಾದರೂ ಎದುರು ನಿಂತಿತು.

ಇಲ್ಲಿನ ಕನ್ನಡದವರಿಗೆ ಬಾಯಿ ತಡೆಯುವ ಅಭ್ಯಾಸ ಹೆಚ್ಚು. ಮಾತು ಬೆಳ್ಳಿ ಮೌನ ಬಂಗಾರ ಎಂದು ಕೇಳಿಕೊಂಡೇ ಬೆಳೆದವರು ನಾವು. ಹಿರಿಯರೆದುರು, ಮೇಲಧಿಕಾರಿಯೆದುರು ತುಟಿ ಬಿಚ್ಚದಿರುವುದನ್ನು ಸಂಸ್ಕಾರವೆಂದು ತಿಳಿದವರು. ಅದರ ಮೇಲೆ ವೀಸಾದ ಹೆದರಿಕೆ. ಎಚ್-1ಬಿಯಲ್ಲಿರುವವರ ಕೆಲಸ ಹೋದರೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಮಕ್ಕಳ ಶಾಲೆ ಬಿಡಿಸಿ, ಮನೆ ಖಾಲಿಮಾಡಿ ಹೊರಡಬೇಕು. ಈ ಲೆಕ್ಕ ತಲೆಯಲ್ಲಿರುವ ಎಂಜಿನಿಯರ್ ಮೀಟಿಂಗಿನಲ್ಲಿ ‘ಇದು ಸರಿಯಲ್ಲ’ ಎನ್ನಲು ಹತ್ತು ಸಲ ಯೋಚಿಸುತ್ತಾರೆ. ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆಯ ಕನ್ನಡ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ನಡೆಯುವ ಮಾತುಗಳಲ್ಲಿ ಈ ಸಂಕಟ ಎಷ್ಟಿದೆ ಎಂದು ಕೂತು ಕೇಳಿದವರಿಗೆ ಗೊತ್ತು. ಅವರನ್ನು ಹೇಡಿಗಳೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ಅವರ ಮೌನಕ್ಕೂ ಬರ್ಗ್ ಅವರ ಸಂಯಮಕ್ಕೂ ಒಂದೇ ಹೆಸರು ಕೊಡಲಾರೆ.

ಈ ಮಾತನ್ನು ಈಗಲೇ ಹೇಳಬೇಕಾದ ಕಾರಣವಿದೆ. ಈ ಪ್ರದೇಶದಲ್ಲಿ ಇವತ್ತು ಕೃತಕ ಬುದ್ಧಿಮತ್ತೆಯ ಓಟ ನಡೆದಿದೆ. 2017ರ ಜನವರಿಯಲ್ಲಿ ಅದರ ಸಂಶೋಧಕರೂ ಅದೇ ಆಸಿಲೊಮಾರ್‌ಗೆ ಹೋಗಿ ನೀತಿಸೂತ್ರಗಳನ್ನು ಬರೆದರು. 2023ರ ಮಾರ್ಚ್‌ನಲ್ಲಿ, ಜಿಪಿಟಿ-4ಕ್ಕಿಂತ ಬಲವಾದ ವ್ಯವಸ್ಥೆಗಳನ್ನು ಬೆಳೆಸುವುದನ್ನು ಆರು ತಿಂಗಳು ನಿಲ್ಲಿಸಿ ಎಂದು ಸಾವಿರಾರು ಜನ ಸಹಿ ಹಾಕಿ ಬಹಿರಂಗ ಪತ್ರ ಬರೆದರು. ಓಟ ನಿಲ್ಲಲಿಲ್ಲ. ನಿಲ್ಲಿಸಿ ಎಂದು ಬೇರೆಯವರಿಗೆ ಹೇಳಿದವರು ಬಹಳ, ನಾನು ನಿಲ್ಲಿಸುತ್ತೇನೆ ಎಂದವರು ಕಾಣಲಿಲ್ಲ. 1974ರ ಪತ್ರಕ್ಕೂ ಇದಕ್ಕೂ ಇರುವ ದೊಡ್ಡ ಅಂತರ ಇದೇ ಎಂದು ನನಗೆ ತೋರುತ್ತದೆ. ಬರ್ಗ್ ಅವರ ಕಾಲದಲ್ಲಿ ವಿಜ್ಞಾನಿಗಳು ವಿಶ್ವವಿದ್ಯಾಲಯಗಳಲ್ಲಿದ್ದರು, ಹಣ ಬಹುಮಟ್ಟಿಗೆ ಸರ್ಕಾರದ್ದು. ಈಗ ಓಡುತ್ತಿರುವವು ಕಂಪನಿಗಳು, ಬೆನ್ನ ಹಿಂದೆ ಬಂಡವಾಳ ಹಾಕಿದವರಿದ್ದಾರೆ. ಕೈ ತಡೆಯುವ ಅಧಿಕಾರ ಒಬ್ಬ ಎಂಜಿನಿಯರಿಗೆ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಉಳಿಯುವುದು ಬಾಯಿ. ಅದಕ್ಕೊಂದು ಕಾವಲು ಈಗ ಬಂದಿದೆ. ಕಾನೂನು ಮುರಿದದ್ದನ್ನು ತಿಳಿಸುವ ನೌಕರರನ್ನು ಕಾಪಾಡುವ ಕಾಯ್ದೆ ಕ್ಯಾಲಿಫೋರ್ನಿಯಾದಲ್ಲಿ ಮುಂಚಿನಿಂದ ಇದ್ದೇ ಇತ್ತು. 2025ರ ಸೆಪ್ಟೆಂಬರ್ 29ರಂದು ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಎಸ್‌ಬಿ 53 ಎಂಬ ಕಾಯ್ದೆ ಮುಂಚೂಣಿಯ ಕೃತಕ ಬುದ್ಧಿಮತ್ತೆ ಕಂಪನಿಗಳಲ್ಲಿ ಅಪಾಯವನ್ನು ಅಳೆಯುವ, ನಿಭಾಯಿಸುವ ಹೊಣೆಯುಳ್ಳ ನೌಕರರಿಗೆ ಇನ್ನೂ ಸ್ಪಷ್ಟವಾದ ರಕ್ಷಣೆ ಕೊಡುತ್ತದೆ. ಜನರಿಗೆ ದೊಡ್ಡ ಅಪಾಯವಾಗಬಹುದೆಂದು ನಂಬಲು ಕಾರಣವಿದ್ದು ದೂರು ಕೊಟ್ಟರೆ ಕಂಪನಿ ಅವರ ಮೇಲೆ ಹಗೆ ತೀರಿಸಿಕೊಳ್ಳುವಂತಿಲ್ಲ. ದೊಡ್ಡ ಕಂಪನಿಗಳು ಹೆಸರು ಹೇಳದೆ ದೂರು ಕೊಡುವ ದಾರಿಯನ್ನು ತಮ್ಮೊಳಗೇ ಮಾಡಿಕೊಡಬೇಕು. ಕಾಯ್ದೆ 2026ರ ಜನವರಿ 1ರಿಂದ ಜಾರಿಯಲ್ಲಿದೆ. ವೀಸಾದ ಭಯವನ್ನು ಈ ಕಾಯ್ದೆ ಪೂರ್ತಿ ತೆಗೆಯುವುದಿಲ್ಲ. ಆದರೂ ಪೊಲ್ಲಾಕ್ ಅವರ ಕೈಯಲ್ಲಿ ಒಂದು ಫೋನಿನ ಹೊರತು ಇಷ್ಟೂ ಇರಲಿಲ್ಲ.

ಅಂಥ ಕಂಪನಿಗಳಲ್ಲಿ ದುಡಿಯುತ್ತಿರುವ ಕನ್ನಡದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಸಂಸ್ಥೆಯಲ್ಲಿ ಆ ದೂರಿನ ದಾರಿ ಯಾವುದು, ಅದು ನಿಮ್ಮ ಹುದ್ದೆಗೆ ಅನ್ವಯಿಸುತ್ತದೆಯೇ ಎಂಬುದನ್ನು ದಯವಿಟ್ಟು ಈ ವಾರವೇ ಓದಿ ತಿಳಿದುಕೊಳ್ಳಿ. ಅರ್ಥವಾಗದಿದ್ದರೆ ವಲಸೆ ಕಾನೂನು ಮತ್ತು ಕಾರ್ಮಿಕ ಕಾನೂನು ಎರಡೂ ಗೊತ್ತಿರುವ ವಕೀಲರನ್ನು ಕೇಳಿ. ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳ ನಡುವೆ ಒಂದು ಸಂಜೆಯನ್ನು ಇದಕ್ಕೆಂದು ಮೀಸಲಿಟ್ಟು, ಅಂಥ ವಕೀಲರೊಬ್ಬರನ್ನು ಕರೆಸಿ ನಮ್ಮವರಿಗೆ ಕನ್ನಡದಲ್ಲೇ ಹೇಳಿಸಲಿ.